ಬೆಂಚಿನ ಮೇಲೆ ಕೂತವನಿಗೆ

ಪ್ರೀತಿಯ ಗೆಳೆಯ,

ನಿನ್ನ ಪತ್ರ ಎರಡು ಸಲ ಓದಿದೆ. ಆಟ ಬಿಟ್ಟಿದ್ದು ನಿನ್ನ ಮೊಣಕಾಲಿನ ಕಾರಣಕ್ಕೆ, ಸರಿ. ಆದರೆ ಮಕ್ಕಳಿಗೆ ಬಾಸ್ಕೆಟ್‌ಬಾಲ್ ಹೇಳಿಕೊಡು ಅಂದರೆ, "ಜಾಸ್ತಿ ಹೊತ್ತು ಬೆಂಚಿನ ಮೇಲೇ ಕೂತಿದ್ದವನು ನಾನು, ನನಗೇನು ಬರುತ್ತೆ" ಅಂದಿದ್ದೀಯಲ್ಲ, ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ ಕಣೋ.

ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಸ್ಟೀವ್ ಕರ್ ನೆನಪಿದ್ದಾನಾ? ಅವನೂ ಬೆಂಚಿನಿಂದ ಎದ್ದು ಬರುತ್ತಿದ್ದವನೇ. ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 1988ರಲ್ಲಿ, ಅವನ ಹೆಸರು ಬಂದಿದ್ದು 50ನೆಯದಾಗಿ. ಎನ್‌ಬಿಎಯಲ್ಲಿ, ಅಂದರೆ ಅಮೆರಿಕದ ದೊಡ್ಡ ಬಾಸ್ಕೆಟ್‌ಬಾಲ್ ಲೀಗಿನಲ್ಲಿ, ಇದ್ದಷ್ಟು ಕಾಲ ಪಂದ್ಯಕ್ಕೆ ಸರಾಸರಿ 6 ಅಂಕ, ಅಷ್ಟೇ. ಆದರೆ ಮೂರು ಅಂಕದ ಗೆರೆಯಾಚೆಯಿಂದ ಎಸೆದದ್ದರಲ್ಲಿ ಶೇ. 45.4 ಬುಟ್ಟಿಗೆ ಬಿದ್ದಿವೆ. ಅದನ್ನು ಮೀರಿಸಿದವರು ಇನ್ನೂ ಬಂದಿಲ್ಲ.

1997ರ ಫೈನಲ್, ಆರನೇ ಪಂದ್ಯ. ಕರ್‌ನ ತಂಡ ಬುಲ್ಸ್ 86, ಎದುರಾಳಿ ಜಾಝ್ 86. ಕೊನೆಯ ಟೈಮ್‌ಔಟ್. ಚೆಂಡು ಮೈಕಲ್ ಜೋರ್ಡನ್ ಕೈಗೇ ಹೋಗುತ್ತೆ ಅಂತ ಇಡೀ ಸ್ಟೇಡಿಯಂಗೆ ಗೊತ್ತು. ಜಾಝ್‌ನ ಸ್ಟಾಕ್ಟನ್ ತನ್ನ ಮೇಲೆ ಬೀಳುತ್ತಾನೆ, ಆಗ ನೀನು ಖಾಲಿ ಇರ್ತೀಯ ಅಂತ ಜೋರ್ಡನ್ ಕರ್‌ಗೆ ಮೊದಲೇ ಹೇಳಿಟ್ಟ. ತಯಾರಿರ್ತೀನಿ ಅಂದ ಕರ್. ಹಾಗೇ ಆಯಿತು. ಪಾಸ್ ಬಂತು, ಹಿಡಿದವನೇ ಎಸೆದ, ಬುಟ್ಟಿಗೆ ಬಿತ್ತು. ಇನ್ನು 5 ಸೆಕೆಂಡ್ ಉಳಿದಿತ್ತು. ಅಷ್ಟು ಹೊತ್ತು ಕೂತು ಆಟ ನೋಡಿದವನಿಗೆ ಎಲ್ಲಿ ನಿಲ್ಲಬೇಕು ಅಂತ ಗೊತ್ತಿರದೆ ಇರುತ್ತಾ?

2003ರಲ್ಲಿ ಐದನೇ ಚಾಂಪಿಯನ್‌ಶಿಪ್ ಗೆದ್ದು ಆಟ ಬಿಟ್ಟ. ಆಮೇಲೆ ಟಿಎನ್‌ಟಿ ಟಿವಿ ಚಾನೆಲ್‌ನಲ್ಲಿ ಕಾಮೆಂಟರಿ. ನಡುವೆ ಮೂರು ವರ್ಷ ಫೀನಿಕ್ಸ್ ಸನ್ಸ್ ತಂಡದ ಜನರಲ್ ಮ್ಯಾನೇಜರ್, ಮತ್ತೆ ಮೈಕಿನ ಮುಂದೆ. ಆದರೆ ಸುಮ್ನೆ ಮಾತಾಡಿ ಮನೆಗೆ ಹೋಗುತ್ತಿರಲಿಲ್ಲ. ಮುಂದೊಂದು ದಿನ ಕೋಚ್ ಆದರೆ ಏನೇನು ಮಾಡಬೇಕು ಅಂತ ಬರೆದಿಟ್ಟುಕೊಳ್ಳುತ್ತಿದ್ದ. 2014ರಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಕರೆದಾಗ ಒಂದೇ ಒಂದು ತಂಡಕ್ಕೂ ಕೋಚ್ ಆಗಿದ್ದವನಲ್ಲ. ಮೊದಲ ವರ್ಷವೇ 67 ಪಂದ್ಯ ಗೆದ್ದರು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆ ವರ್ಷದ ಫೈನಲ್ಲಿನ ಒಂದು ಸಂಗತಿ. ಎದುರಾಳಿ ಕ್ಲೀವ್‌ಲ್ಯಾಂಡ್ 2-1ರಿಂದ ಮುಂದಿತ್ತು. ನಿಕ್ ಯುರೆನ್ ಅಂತ ಕರ್‌ನ 28 ವರ್ಷದ ಸಹಾಯಕನೊಬ್ಬ ರಾತ್ರಿ ಕೂತು ಹಿಂದಿನ ವರ್ಷದ ಫೈನಲ್ ವಿಡಿಯೋ ನೋಡುತ್ತಿದ್ದ. ಬೋಗಟ್ ಬದಲು ಇಗುಡಾಲಾನನ್ನು ಮೊದಲ ಐವರಲ್ಲಿ ಇಳಿಸೋಣ ಅಂದ. ಇಗುಡಾಲಾ ಆ ಸೀಸನ್ ಪೂರ್ತಿ ಬೆಂಚಿನವನು! ಕರ್ ಒಪ್ಪಿದ. ಮುಂದಿನ ಮೂರೂ ಪಂದ್ಯ ಗೆದ್ದರು, ಫೈನಲ್ಲಿನ ಶ್ರೇಷ್ಠ ಆಟಗಾರ ಇಗುಡಾಲಾನೇ ಆದ. ಈ ಐಡಿಯಾ ಯುರೆನ್‌ದು ಅಂತ ಕರ್ ಪತ್ರಕರ್ತರ ಮುಂದೆ ಹೇಳಿಯೂ ಬಿಟ್ಟ. ಕೋಚ್‌ಗಳಲ್ಲಿ ಎಷ್ಟು ಜನ ಹಾಗೆ ಹೇಳ್ತಾರೆ, ಹೇಳು?

ಆ 1997ರ ವಿಡಿಯೋ ಇವತ್ತು ರಾತ್ರಿ ಹಾಕಿಕೊಂಡು ನೋಡು. ಚೆಂಡಿನ ಹಿಂದೆ ಹೋಗಬೇಡ, ಕರ್‌ನನ್ನೇ ನೋಡ್ತಾ ಇರು. ಏನು ಕಾಣಿಸ್ತು ಅಂತ ನಾಳೆ ಬರಿ. ಮಕ್ಕಳ ವಿಷಯ ಆಮೇಲೆ ಮಾತಾಡೋಣ.

ನಿನ್ನ ಗೆಳೆಯ