ಏಳು ಬೆಟ್ಟಗಳ ಮೇಲೆ ಕಣ್ಣು

ಮಾನ್ಯರೇ,

ಅಮೆರಿಕದ ಸಂಪ್ರದಾಯವಾದಿ ಪ್ರೊಟೆಸ್ಟೆಂಟರ ರಾಜಕಾರಣ ಅಂದರೆ ಗರ್ಭಪಾತದ ಜಗಳ ಅಷ್ಟೇ ಅಂದುಕೊಳ್ಳುತ್ತೇವೆ. ಬೇರು ಇನ್ನೂ ಆಳದಲ್ಲಿದೆ. ಭೂಮಿಯನ್ನು ಆಳಿರಿ ಎಂಬ ಬೈಬಲ್‌ನ ಆದಿಕಾಂಡದ ಮಾತು ಹಿಡಿದು, ದೇಶದ ಕಾನೂನೂ ಬೈಬಲ್ ಪ್ರಕಾರವೇ ಇರಬೇಕು ಎಂದು ಅಲ್ಲಿನ ಪಾದ್ರಿ, ಧರ್ಮಚಿಂತಕ ರಶ್‌ಡೂನಿ 1973ರಲ್ಲೇ ದಪ್ಪ ಪುಸ್ತಕ ಬರೆದರು. ಪೂರ್ತಿ ಒಪ್ಪಿದವರು ಕಡಿಮೆ. ಆದರೆ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವ ಕ್ರೈಸ್ತ ಚಳವಳಿಗೆ ಅವರಿಂದ ಜಾಸ್ತಿ ಬಲ ಬಂತು. ಈ ದಾರಿಯ ಈಗಿನವರು ಸರ್ಕಾರ, ಶಿಕ್ಷಣ, ಮಾಧ್ಯಮ ಸೇರಿ ಸಮಾಜದ ಏಳು ಕ್ಷೇತ್ರಗಳನ್ನು, ಅವರ ಮಾತಲ್ಲಿ ‘ಏಳು ಬೆಟ್ಟ’ಗಳನ್ನು, ಕ್ರೈಸ್ತರೇ ಹಿಡಿಯಬೇಕು ಎನ್ನುತ್ತಾರೆ. ಇದು ಸುಮ್ನೆ ಪ್ರವಚನದ ಮಾತಲ್ಲ. 2024ರಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಆಗಿನ ಮುಖ್ಯ ನ್ಯಾಯಮೂರ್ತಿ ಟಾಮ್ ಪಾರ್ಕರ್, ಐವಿಎಫ್ (ದೇಹದ ಹೊರಗೆ, ಲ್ಯಾಬಿನಲ್ಲಿ ಗರ್ಭ ಕಟ್ಟಿಸುವ ವಿಧಾನ) ಭ್ರೂಣಗಳ ಪ್ರಕರಣದಲ್ಲಿ ದೇವರ ಕೋಪವನ್ನೂ ಎಳೆದು ತಂದರು. ನ್ಯಾಯಮೂರ್ತಿಗಳಿಗೆ ಭಕ್ತಿ ಇರಲಿ, ಬೇಡ ಅನ್ನೋರು ಯಾರು? ಆದರೆ ಆ ದೇವರನ್ನು ನಂಬದ ದಂಪತಿ ಅದೇ ಕೋರ್ಟಿನ ಮೆಟ್ಟಿಲು ಹತ್ತಿದರೆ ಅವರ ಗತಿ ಏನು?

– ಒಬ್ಬ ಓದುಗ, ಧಾರವಾಡ