ತೂಕಕ್ಕೆ ಹಾಕುವ ಮುಂಚೆ ತಗಡಿನ ಮೇಲಿನ ನಂಬರ್ ನೋಡಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಅಂತರಸನಹಳ್ಳಿ ಕಡೆ ಒಂದು ಗುಜರಿ ಅಂಗಡಿಗೆ ಹೋಗಿದ್ದೆ. ಹಳೇ ಮಿಕ್ಸಿ ಮೋಟಾರು, ಹಿತ್ತಾಳೆ ನಲ್ಲಿ, ಮುರಿದ ಫ್ಯಾನು ಎಲ್ಲ ಸೇರಿದ ರಾಶಿಯಲ್ಲಿ ಕಪ್ಪಗೆ, ಗುಂಡಗೆ ಒಂದು ಡಬ್ಬಿ ಕಾಣಿಸಿತು. ಅಂಗೈ ಅಗಲ ಇತ್ತು. ಹೆಗಲ ಮೇಲಿದ್ದ ಟವೆಲ್‌ನಿಂದ ಗಾಜು ಒರೆಸಿದೆ. ಒಳಗೆ ಒಂದು ಮುಳ್ಳು, ಸುತ್ತ ಅಂಕಿಗಳು, ನಡುವೆ ‘ನಾಟ್ಸ್’ ಎಂಬ ಪದ. ಹಿಂದೆ ತಿರುಗಿಸಿದರೆ ಗಾಳಿಯ ಕೊಳವೆ ಸೇರಿಸುವ ಎರಡು ತೂತು, ಪಕ್ಕದಲ್ಲಿ ಬೆರಳಿನ ಉಗುರಿನಷ್ಟು ತಗಡು, ಅದರ ಮೇಲೆ ‘6ಎ’ ಎಂದು ಶುರುವಾಗುವ ನಂಬರ್. ವಿಮಾನದ ವೇಗ ತೋರಿಸುವ ಮೀಟರ್ ಅದು. ಐವತ್ತು ವರ್ಷದ ಹಿಂದೆ ಇಂಥವನ್ನೇ ದಿನಾ ಒರೆಸಿದ ಕೈ ನನ್ನದು. ನಿಂತಲ್ಲೇ ಕಣ್ಣು ತುಂಬಿ ಬಂತು.

ಅಂಗಡಿಯವರು ಒಳ್ಳೆಯವರು, ತೂಕದ ರೇಟಿಗೇ ಕೊಟ್ಟರು. ಆದರೆ ಕೊಡುವಾಗ ಹೇಳಿದ ಮಾತು ಇನ್ನೂ ಮನಸ್ಸಿನಲ್ಲಿ ಕೊರೆಯುತ್ತಿದೆ. ‘ಇಂಥವು ಇನ್ನೂ ನಾಲ್ಕು ಇದ್ದವು ಸಾರ್, ಹೋದ ತಿಂಗಳು ಲೋಡ್ ಜೊತೆ ಬೆಂಗಳೂರಿಗೆ ಕಳಿಸಿಬಿಟ್ಟೆ, ಇಷ್ಟೊತ್ತಿಗೆ ಕರಗಿ ಹೋಗಿರುತ್ತೆ’ ಅಂದರು. ಅದಕ್ಕೇ ಈ ಪತ್ರ.

ನಾನು ನೌಕಾಪಡೆಯಲ್ಲಿ ವಿಮಾನ ಮೆಕ್ಯಾನಿಕ್ ಆಗಿದ್ದವನು. 1975ರಲ್ಲಿ ಗೋವಾದ ದಾಬೋಲಿಂನಲ್ಲಿರುವ ಐಎನ್‌ಎಸ್ ಹನ್ಸಾ ಎಂಬ ನೌಕಾ ವಿಮಾನ ನೆಲೆಗೆ ಹೋದಾಗ ನನ್ನ ಕೈಗೆ ಬಂದದ್ದು ಸೀ ಹಾಕ್ ಜೆಟ್. ಐಎನ್‌ಎಸ್ ವಿಕ್ರಾಂತ್ ಹಡಗಿನ ಮೇಲಿಂದ ಹಾರುತ್ತಿದ್ದ ವಿಮಾನ. 1971ರ ಡಿಸೆಂಬರ್ 4ರಂದು ಆಗಿನ ಪೂರ್ವ ಪಾಕಿಸ್ತಾನದ ಕಾಕ್ಸ್ ಬಜಾರ್ ಮತ್ತು ಚಿತ್ತಗಾಂಗ್ ಮೇಲೆ ದಾಳಿ ಮಾಡಿದ್ದು ಇವೇ, 300ನೇ ಸ್ಕ್ವಾಡ್ರನ್ನಿನ ‘ವೈಟ್ ಟೈಗರ್ಸ್’. ನಾನು ಸೇರುವ ಹೊತ್ತಿಗೆ ಯುದ್ಧ ಮುಗಿದಿತ್ತು. ಆದರೆ ಆ ವಿಮಾನಗಳನ್ನು ಹಡಗಿನ ಮೇಲಿಂದ ಕಳಿಸಿ, ವಾಪಸ್ ಇಳಿಸಿಕೊಂಡ ಹಿರಿಯರೇ ನನಗೆ ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿದರು.

ಈಗ ಆ ಜಾತಿಯ ಒಂದು ವಿಮಾನ ನಮ್ಮ ಜಿಲ್ಲೆಯಲ್ಲೇ, ಹಿರೇಹಳ್ಳಿ ಹತ್ತಿರ ಒಂದು ಶೆಡ್‌ನಲ್ಲಿದೆ. ಒಂದು ವಿದ್ಯಾಸಂಸ್ಥೆಯ ಅಂಗಳದಲ್ಲಿ ಎಷ್ಟೋ ವರ್ಷ ಮಳೆ ಬಿಸಿಲಿಗೆ ನಿಂತಿತ್ತು. ಅಲ್ಲಿ ಕಟ್ಟಡ ಕಟ್ಟಬೇಕು, ವಿಮಾನ ತೆಗೆಯುತ್ತೇವೆ ಎಂದಾಗ ನಾವು ಐದು ಜನ ಗೆಳೆಯರು ಹೋಗಿ ಕೇಳಿಕೊಂಡೆವು. ಕೊಟ್ಟರು. ಸೀ ಹಾಕ್ ರೆಕ್ಕೆ ಬಿಚ್ಚಿದರೆ 39 ಅಡಿ ಅಗಲ, ಮಡಚಿದರೆ 13 ಅಡಿಗೆ ಸ್ವಲ್ಪ ಜಾಸ್ತಿ ಅಷ್ಟೇ. ಹಡಗಿನ ಒಳಗೆ ಜಾಗ ಸಾಲದು ಅಂತ ಮಾಡಿದ ಆ ಮಡಿಕೆಯೇ ನಮ್ಮ ಪಾಲಿಗೂ ವರವಾಯಿತು, ಇಲ್ಲದಿದ್ದರೆ ನಮ್ಮ ಬಿ.ಎಚ್. ರಸ್ತೆಯಲ್ಲಿ ಟ್ರೇಲರ್ ಮೇಲೆ ಅದನ್ನು ತರುವುದು ಆಗದ ಕೆಲಸ.

ಆದರೆ ನಮ್ಮ ಕೈಗೆ ಬರುವಷ್ಟರಲ್ಲಿ ಕಾಕ್‌ಪಿಟ್ ಖಾಲಿಯಾಗಿತ್ತು. ಮೀಟರುಗಳು, ಸ್ವಿಚ್ಚುಗಳು, ಮೂತಿಯ ಚಕ್ರ ಎಲ್ಲ ಯಾವತ್ತೋ ಕಿಲೋ ಲೆಕ್ಕದಲ್ಲಿ ಹೋಗಿವೆ. ಕೊಟ್ಟವರಿಗೂ ಅದು ಏನು ಅಂತ ಗೊತ್ತಿರಲಿಲ್ಲ. ಅವರನ್ನು ಬೈದು ಪ್ರಯೋಜನ ಇಲ್ಲ, ಯಾರೂ ಅವರಿಗೆ ಹೇಳಿರಲಿಲ್ಲ.

ಇದನ್ನು ಹಾರಿಸುವ ಆಸೆ ನಮಗಿಲ್ಲ. ಹಾರಿಸಬೇಕು ಅಂದರೆ ಒಂದೊಂದು ಬೋಲ್ಟಿಗೂ ಎಲ್ಲಿಂದ ಬಂತು, ಯಾರು ಪರೀಕ್ಷೆ ಮಾಡಿದರು ಎಂಬ ಕಾಗದ ಬೇಕು. ಇಂಗ್ಲೆಂಡಿನಲ್ಲಿ ಅಂಥ ವ್ಯವಸ್ಥೆ ಇತ್ತು, ಈ ಶತಮಾನದಲ್ಲೂ ಅಲ್ಲಿ ಒಂದು ಸೀ ಹಾಕ್ ಹಾರಿದೆ. ನಮ್ಮ ಆಸೆ ಇಷ್ಟೇ. ಚಕ್ರ ಉರುಳಬೇಕು. ರೆಕ್ಕೆ ಮಡಚಿ ಬಿಚ್ಚಬೇಕು. ಹಡಗಿನ ತಂತಿಗೆ ಸಿಕ್ಕಿಕೊಳ್ಳುವ ಹಿಂದಿನ ಕೊಕ್ಕೆ ಕೆಳಗಿಳಿಯಬೇಕು. ಮಕ್ಕಳು ಕಾಕ್‌ಪಿಟ್‌ನಲ್ಲಿ ಕೂತರೆ ಎದುರಿಗೆ ತೂತುಗಳ ಬದಲು ನಿಜವಾದ ಮೀಟರ್ ಕಾಣಬೇಕು.

ಜನ ಕೇಳುತ್ತಾರೆ, ಬಿಡಿಭಾಗ ಎಲ್ಲಾ ಇಂಗ್ಲೆಂಡಿನಿಂದ ತರಿಸಬೇಕಲ್ವಾ ಅಂತ. ಕೆಲವನ್ನು ಹಾಗೆ ತರಿಸಬಹುದು. ಆದರೆ ಈ ಮೂರು ವರ್ಷದಲ್ಲಿ ನಾವು ಕಂಡುಕೊಂಡದ್ದು ಬೇರೆಯೇ. ಬೇಕಾದ್ದು ಜಾಸ್ತಿ ಇಲ್ಲೇ ಇದೆ, ನಮ್ಮ ಗುಜರಿಗಳಲ್ಲಿ, ಕಾಲೇಜಿನ ಲ್ಯಾಬುಗಳಲ್ಲಿ, ರಿಟೈರ್ ಆದ ಸೈನಿಕರ ಟ್ರಂಕುಗಳಲ್ಲಿ. ಕಾರಣ ಇದೆ. ಆ ಕಾಲದ ಬ್ರಿಟಿಷ್ ವಿಮಾನಗಳಿಗೆ ಮೀಟರು, ಸ್ವಿಚ್ಚು, ಆಕ್ಸಿಜನ್ ಸಾಮಾನು ಹೆಚ್ಚುಕಡಿಮೆ ಒಂದೇ ಉಗ್ರಾಣದಿಂದ ಹೋಗುತ್ತಿತ್ತು. ತಗಡಿನ ಮೇಲೆ 6ಎ ಅಂದರೆ ಮೀಟರುಗಳು, 5ಸಿ ಅಂದರೆ ವಿದ್ಯುತ್ ಸಾಮಾನು, 6ಡಿ ಅಂದರೆ ಆಕ್ಸಿಜನ್ನಿನದು. ನಮ್ಮ ವಾಯುಪಡೆಯ ವ್ಯಾಂಪೈರ್, ಹಂಟರ್, ಕ್ಯಾನ್‌ಬೆರಾಗಳಿಗೂ ಇದೇ ಲೆಕ್ಕ. ವ್ಯಾಂಪೈರನ್ನಂತೂ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ಕಟ್ಟಿದ್ದರು. ಹಾಗಾಗಿ ಸೀ ಹಾಕ್ ಮೀಟರ್ ಬೇಕು ಅಂದರೆ ಸೀ ಹಾಕನ್ನೇ ಹುಡುಕಬೇಕಾಗಿಲ್ಲ. ಎಂಜಿನ್ ಕತೆಯೂ ಹಾಗೆಯೇ. ಇದರದ್ದು ರೋಲ್ಸ್ ರಾಯ್ಸ್ ನೀನ್, ಹೊಗೆ ಹಿಂದಿನ ಬಾಲದಿಂದ ಬರದೆ ರೆಕ್ಕೆಯ ಬುಡದಲ್ಲಿ ಎರಡೂ ಪಕ್ಕದಿಂದ ಕವಲೊಡೆದು ಬರುತ್ತದೆ. ನಮ್ಮ ವಾಯುಪಡೆಯ ಫ್ರೆಂಚ್ ‘ತೂಫಾನಿ’ ವಿಮಾನಕ್ಕೂ ಇದೇ ಜಾತಿಯ ಎಂಜಿನ್ ಇತ್ತು. ಯಾವುದಾದರೂ ಕಾಲೇಜಿನ ವರ್ಕ್‌ಶಾಪ್ ಮೂಲೆಯಲ್ಲಿ ಹೆಸರಿಲ್ಲದ ಒಂದು ದಪ್ಪ ಜೆಟ್ ಎಂಜಿನ್ ಬಿದ್ದಿದ್ದರೆ ದಯವಿಟ್ಟು ನಮಗೆ ಒಂದು ಫೋಟೋ ತೋರಿಸಿ.

ಹೆಸರು ಒಂದೇ ಆದ ಮಾತ್ರಕ್ಕೆ ಭಾಗ ಕೂರುತ್ತದೆ ಅಂತಲೂ ಇಲ್ಲ. ಒಂದು ಸಲ ವಿಮಾನವನ್ನು ಎಡಬಲಕ್ಕೆ ತಿರುಗಿಸುವ ಬಾಲದ ರಡ್ಡರ್ ಸಿಕ್ಕಿದೆ ಅಂತ ರಾತ್ರಿ ಬಸ್ಸು ಹತ್ತಿ ಪಕ್ಕದ ರಾಜ್ಯಕ್ಕೆ ಹೋದೆವು. ಟೇಪ್ ಹಿಡಿದರೆ ನಮ್ಮದಕ್ಕಿಂತ ಎತ್ತರ. ಆಮೇಲೆ ಹೊಳೆಯಿತು. ಭಾರತ 28 ಸೀ ಹಾಕ್‌ಗಳನ್ನು ಜರ್ಮನಿಯಿಂದ ಕೊಂಡಿತ್ತು, ಅವುಗಳ ಬಾಲ ಎತ್ತರ. ನಮ್ಮದು ಬ್ರಿಟನ್ನಿನದು, ಬಾಲ ಗಿಡ್ಡ. ಬರಿಗೈಯಲ್ಲಿ ವಾಪಸ್ ಬಂದೆವು.

ಸಿಗದೇ ಇರುವುದನ್ನು ಮಾಡಿಕೊಳ್ಳಬೇಕು. ಅದಕ್ಕೆ ತುಮಕೂರಿನಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ ಅಂತ ನಾನು ಎದೆ ತಟ್ಟಿ ಹೇಳುತ್ತೇನೆ. ನಮ್ಮ ಐವರಲ್ಲಿ ಒಬ್ಬರು ಇಲ್ಲಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯ ಟೂಲ್ ರೂಮಿನಲ್ಲಿದ್ದವರು. ಆ ಕಾರ್ಖಾನೆ 2016ರಲ್ಲಿ ಮುಚ್ಚಿತು, ಜಾಗ ಇಸ್ರೋಗೆ ಹೋಯಿತು, ಆದರೆ ಆ ಕೈಗಳು ಇನ್ನೂ ಊರಲ್ಲೇ ಇವೆ. ಒಂದು ಉದಾಹರಣೆ ಹೇಳುತ್ತೇನೆ. ಚಕ್ರದ ಹತ್ತಿರದ ಒಂದು ಬ್ರಾಕೆಟ್‌ಗೆ ಕಾಲಿಂಚು ಬೋಲ್ಟ್ ಬೇಕಿತ್ತು. ಮಂಡಿಪೇಟೆಯಲ್ಲಿ ಕಾಲಿಂಚಿನ ಸಣ್ಣ ಮರೆಯ, ಅಂದರೆ ತಿರುಪಿನ ಹಲ್ಲು ಹತ್ತಿರ ಹತ್ತಿರ ಇರುವ ಬೋಲ್ಟ್ ಸಿಕ್ಕಿತು. ಎರಡು ಸುತ್ತು ಸಲೀಸಾಗಿ ಹೋಯಿತು. ಮೂರನೇ ಸುತ್ತಿಗೆ ಕಚ್ಚಿಕೊಂಡಿತು. ನಾನು ಸ್ಪ್ಯಾನರ್ ಎತ್ತಿದ್ದೆ, ಆ ಟೂಲ್ ರೂಮಿನ ಗೆಳೆಯರು ನನ್ನ ಮುಂಗೈ ಹಿಡಿದು ‘ನಿಲ್ಲಿ, ಒತ್ತಬೇಡಿ’ ಅಂದರು. ಜೇಬಿನಿಂದ ಗೇಜ್ ತೆಗೆದು ಹಲ್ಲು ಎಣಿಸಿದರು. ಅಂಗಡಿಯ ಬೋಲ್ಟಿಗೆ ಇಂಚಿಗೆ 28 ಮರೆ, ವಿಮಾನದ್ದಕ್ಕೆ 26. ಹಳೇ ಬ್ರಿಟಿಷ್ ಮರೆ ಅದು, ಬ್ರಿಟಿಷ್ ಸ್ಟ್ಯಾಂಡರ್ಡ್ ಫೈನ್, ಚಿಕ್ಕದಾಗಿ ಬಿಎಸ್‌ಎಫ್ ಅನ್ನುತ್ತೇವೆ, ಹಲ್ಲಿನ ಕೋನವೂ 60 ಡಿಗ್ರಿ ಅಲ್ಲ, 55. ಒತ್ತಿ ತಿರುಗಿಸಿದ್ದರೆ ಅಷ್ಟು ವರ್ಷ ಉಳಿದಿದ್ದ ಬ್ರಾಕೆಟ್ ನನ್ನ ಕೈಯಲ್ಲೇ ಹಾಳಾಗುತ್ತಿತ್ತು. ಕೊನೆಗೆ ಬಿಎಸ್‌ಎಫ್ ಮರೆ ಕೊರೆಯುವ ಡೈ ಸಿಕ್ಕಿದ್ದು ಎಲ್ಲಿ ಗೊತ್ತಾ? ಗುಬ್ಬಿ ಗೇಟ್ ಕಡೆಯ ಒಬ್ಬ ಬುಲೆಟ್ ಮೆಕ್ಯಾನಿಕ್ ಹತ್ತಿರ. ಹಳೇ ಬುಲೆಟ್ ಗಾಡಿಗಳಲ್ಲೂ ಬ್ರಿಟಿಷ್ ಮರೆಗಳೇ ಇದ್ದದ್ದು, ಅವರ ತಂದೆ ಕಾಲದ ಡಬ್ಬಿಯಲ್ಲಿ ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ ಇಟ್ಟಿದ್ದರು.

ರಬ್ಬರ್ ಸೀಲ್ ಇನ್ನೊಂದು ತಲೆನೋವು. ಹರಳೆಣ್ಣೆ ಆಧಾರದ ಬ್ರೇಕ್ ದ್ರವಕ್ಕೆ ನೈಸರ್ಗಿಕ ರಬ್ಬರ್ ಬೇಕು, ಖನಿಜ ಎಣ್ಣೆಗೆ ನೈಟ್ರೈಲ್ ಎಂಬ ಕೃತಕ ರಬ್ಬರ್ ಬೇಕು. ಅದಲು ಬದಲಾದರೆ ಸೀಲ್ ಊದಿಕೊಂಡು ಕೂರುತ್ತದೆ. ಹಳೇ ಸೀಲಿನ ಚೂರು ಕಂಡರೂ ಎಸೆಯಬೇಡಿ, ಅಳತೆಗೆ ಅದೇ ಅಚ್ಚು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು, ಸುಮ್ನೆ ಹೆದರಿಸುವುದಕ್ಕಲ್ಲ. ಹಳೇ ಮೀಟರುಗಳ ಮುಳ್ಳು, ಅಂಕಿ ಕತ್ತಲಲ್ಲಿ ಹೊಳೆಯಲಿ ಅಂತ ರೇಡಿಯಂ ಬಣ್ಣ ಹಚ್ಚುತ್ತಿದ್ದರು. ಈಗ ಹೊಳೆಯುವುದಿಲ್ಲ ಅಂದರೆ ರೇಡಿಯಂ ಹೋಯಿತು ಅಂತಲ್ಲ. ಹೊಳಪು ಕೊಡುವ ಪುಡಿ ಸತ್ತಿರುತ್ತದೆ, ರೇಡಿಯಂ ಅರ್ಧಕ್ಕೆ ಇಳಿಯುವುದಕ್ಕೇ 1600 ವರ್ಷ ಬೇಕು. ಗಾಜು ತೆಗೆಯಬೇಡಿ, ಕೆರೆಯಬೇಡಿ, ಆ ಪುಡಿ ಉಸಿರಿನಲ್ಲಿ ಹೋಗಬಾರದು, ಮಕ್ಕಳ ಕೈಗೆ ಕೊಡಬೇಡಿ. ವಿಮಾನದ ಚಕ್ರದ ಹಬ್ ಕೆಲವು ಮೆಗ್ನೀಸಿಯಂ ಮಿಶ್ರಲೋಹದವು. ಗ್ಯಾಸ್ ಕಟರ್ ಹಚ್ಚಿದರೆ ಹತ್ತಿಕೊಳ್ಳುತ್ತದೆ, ನೀರು ಹಾಕಿದರೆ ಇನ್ನೂ ಜಾಸ್ತಿ ಉರಿಯುತ್ತದೆ. ಅನುಮಾನ ಇದ್ದರೆ ಒಂದು ಮೂಲೆ ಉಜ್ಜಿ ಒಂದು ಹನಿ ವಿನೆಗರ್ ಬಿಡಿ. ಗುಳ್ಳೆ ಗುಳ್ಳೆಯಾಗಿ ನೊರೆ ಬಂದರೆ ಮೆಗ್ನೀಸಿಯಂ, ಸುಮ್ಮನಿದ್ದರೆ ಅಲ್ಯೂಮಿನಿಯಂ. ಪೈಲಟ್ ಹೊರಗೆ ಚಿಮ್ಮುವ ಸೀಟು ಸಿಕ್ಕಿದರೆ ಮುಟ್ಟಲೇಬೇಡಿ, ಅದರಲ್ಲಿ ಮದ್ದಿನ ಕಾರ್ಟ್ರಿಜ್ ಉಳಿದಿರಬಹುದು. ಮೊದಲು ಪೊಲೀಸರಿಗೆ ಹೇಳಿ.

ಆ ಹಳೇ ವಿಕ್ರಾಂತ್ ಹಡಗು ಏನಾಯಿತು ಅಂತ ನಿಮ್ಮ ಓದುಗರಿಗೆ ನೆನಪಿರಬಹುದು. 1997ರಲ್ಲಿ ನಿವೃತ್ತಿ ಆಯಿತು, ಮುಂಬೈಯಲ್ಲಿ ಕೆಲವು ವರ್ಷ ಮ್ಯೂಸಿಯಂ ಆಗಿ ನಿಂತಿತ್ತು, 2014ರಲ್ಲಿ ಒಡೆದರು. ಅದರ ಲೋಹ ಸೇರಿಸಿ ಬೈಕ್ ಕೂಡ ಬಂತು. ಹಡಗು ದೊಡ್ಡದು, ಇಟ್ಟುಕೊಳ್ಳುವ ಖರ್ಚು ದೊಡ್ಡದು, ಆ ಕಷ್ಟ ಅರ್ಥವಾಗುತ್ತದೆ. ಅಂಗೈ ಅಗಲದ ಮೀಟರಿಗೆ ಆ ಕಷ್ಟ ಇಲ್ಲ. ಅದನ್ನು ಉಳಿಸಲು ಒಂದು ಕಪಾಟು ಸಾಕು.

ಗೋವಾದ ಬೋಗ್ಮಾಲೊದಲ್ಲಿ ನೌಕಾಪಡೆಯ ವಿಮಾನ ಮ್ಯೂಸಿಯಂ ಇದೆ, 1998ರಿಂದ. ಅಲ್ಲಿ ಸೀ ಹಾಕ್ ನಿಂತಿದೆ. ನಾವು ಎರಡು ಸಲ ಹೋಗಿ ನೋಡಿ, ಯಾವ ಭಾಗ ಎಲ್ಲಿ ಕೂರುತ್ತದೆ ಅಂತ ಚಿತ್ರ ಬರೆದುಕೊಂಡು ಬಂದೆವು. ಆದರೆ ಪಾವಗಡದ, ಮಧುಗಿರಿಯ ಮಕ್ಕಳು ಗೋವಾಕ್ಕೆ ಹೋಗಿ ನೋಡಲಿ ಅಂದರೆ ಆಗುತ್ತದಾ? ನಮ್ಮ ಗುಬ್ಬಿ ತಾಲ್ಲೂಕಿನಲ್ಲೇ 2023ರ ಫೆಬ್ರವರಿಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆಗಿದೆ. ನಾಳೆ ಅಲ್ಲಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಐಟಿಐನಲ್ಲಿ ಓದುವಾಗಲೇ ಒಂದು ನಿಜವಾದ ವಿಮಾನದ ರಿವೆಟ್ ಮೇಲೆ ಬೆರಳಾಡಿಸಿ ನೋಡಲಿ ಎಂಬುದು ನಮ್ಮ ಆಸೆ.

ಹಾಗಾಗಿ ಕಾಲೇಜು, ತರಬೇತಿ ಕೇಂದ್ರದವರಲ್ಲಿ ನನ್ನ ಬೇಡಿಕೆ, ಹಳೇ ವಿಮಾನದ ಸಾಮಾನು ಹರಾಜು ಹಾಕುವ ಮುಂಚೆ ಒಂದು ತಿಂಗಳು ಅದರ ಪಟ್ಟಿಯನ್ನು ಪತ್ರಿಕೆಯಲ್ಲಿ ಹಾಕಿ. ‘ಸ್ಕ್ರ್ಯಾಪ್, 400 ಕಿಲೋ’ ಅಂತ ಒಂದೇ ಸಾಲು ಬರೆಯಬೇಡಿ, ತಗಡಿನ ನಂಬರ್ ಬರೆಯಿರಿ. ಗುಜರಿ ಅಂಗಡಿಯವರು ನಷ್ಟ ಮಾಡಿಕೊಳ್ಳಬೇಕಾಗಿಲ್ಲ, ತೂಕದ ರೇಟಿನ ಎರಡರಷ್ಟು ನಾವೇ ಕೊಡುತ್ತೇವೆ. ನಿವೃತ್ತ ಸೈನಿಕರ ಮನೆಯವರು ಅಪ್ಪನ ಟ್ರಂಕನ್ನು ಒಂದು ಸಲ ತೆಗೆದು ನೋಡಿ. ಕೊಡಲು ಮನಸ್ಸಿಲ್ಲದಿದ್ದರೆ ಬೇಡ, ಅಳತೆ ತೆಗೆದುಕೊಂಡು ವಾಪಸ್ ಕೊಡುತ್ತೇವೆ.

ಸದ್ಯಕ್ಕೆ ತುಂಬಾ ಬೇಕಾಗಿರುವುದು ಮೂತಿಯ ಚಕ್ರ ಮತ್ತು ಅದರ ಟೈರು, ಎತ್ತರ ತೋರಿಸುವ ಮೀಟರ್, ಕಾಕ್‌ಪಿಟ್ ಗಾಜಿನ ಸುತ್ತ ಬರುವ ರಬ್ಬರ್ ಪಟ್ಟಿ. ಹಿಂದಿನ ಕೊಕ್ಕೆಯ ಲಾಕ್ ಪಿನ್ ಮಾತ್ರ ಬೇಡ. ಅದನ್ನು ನಮ್ಮ ಎಚ್‌ಎಂಟಿ ಗೆಳೆಯರು ಹೋದ ಶನಿವಾರ ಲೇತ್ ಮೇಲೆ ಮಾಡಿ ಮುಗಿಸಿದರು, ಭಾನುವಾರ ಬೆಳಿಗ್ಗೆ ಕೊಕ್ಕೆ ಕೆಳಗಿಳಿಯಿತು. ಯಾರ ಹತ್ತಿರವಾದರೂ ಉಳಿದವು ಇದ್ದರೆ ಈ ಪತ್ರಿಕೆಯ ತುಮಕೂರು ಕಚೇರಿಗೆ ಒಂದು ಮಾತು ತಿಳಿಸಿ, ನಾವೇ ಬಂದು ನೋಡುತ್ತೇವೆ.

ಇಂತಿ,
ಒಬ್ಬ ನಿವೃತ್ತ ನೌಕಾಪಡೆ ಮೆಕ್ಯಾನಿಕ್
ಕ್ಯಾತ್ಸಂದ್ರ, ತುಮಕೂರು