ಒಂದೇ ಗೆರೆಯ ಮುಖ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಏಸುವಿನ ಮುಖದ ಹಳೆಯ ಮುದ್ರಣವೊಂದನ್ನು ಹಾಕಿದ್ದಿರಿ. ತುಂಬಾ ಖುಷಿಯಾಯಿತು. ಆದರೆ ಕೆಳಗೆ ಸುಮ್ನೆ ‘ರೇಖಾಚಿತ್ರ’ ಅಂತ ಬರೆದು ಬಿಟ್ಟಿದ್ದು ಬೇಸರ ತಂದಿತು.

ಅದು ಫ್ರಾನ್ಸಿನ ಕಲಾವಿದ ಕ್ಲೋದ್ ಮೆಲ್ಲಾನ್ 1649ರಲ್ಲಿ ಮಾಡಿದ ತಾಮ್ರದ ಕೆತ್ತನೆ, ಅಂದರೆ ತಾಮ್ರದ ತಗಡಿನಲ್ಲಿ ಗೆರೆ ಕೊರೆದು, ಅದರಲ್ಲಿ ಶಾಯಿ ತುಂಬಿ ಕಾಗದಕ್ಕೆ ಒತ್ತಿ ತೆಗೆದ ಅಚ್ಚು. ಮೂಗಿನ ತುದಿಯಲ್ಲಿ ಒಂದು ಚುಕ್ಕೆಯಿಂದ ಶುರುವಾಗುವ ಗೆರೆ ಸುರುಳಿ ಸುತ್ತುತ್ತಾ ಹೋಗಿ ಕಣ್ಣು, ಗಡ್ಡ, ಮುಳ್ಳಿನ ಕಿರೀಟ, ಹಣೆಯಿಂದ ಇಳಿಯುವ ರಕ್ತದ ಹನಿ ಎಲ್ಲವನ್ನೂ ಮೂಡಿಸುತ್ತದೆ, ಗೆರೆ ಮಾತ್ರ ಒಂದೇ! ನೆರಳು ಬೇಕಾದ ಕಡೆ ಉಳಿಯನ್ನು ಸ್ವಲ್ಪ ಒತ್ತಿ ಆಳ ಮಾಡಿದ್ದಾರೆ, ಅಲ್ಲಿ ಜಾಸ್ತಿ ಶಾಯಿ ನಿಂತು ಗೆರೆ ದಪ್ಪಗಾಗಿದೆ. ಬೆಳಕು ಬೇಕಾದಲ್ಲಿ ಕೈ ಹಗುರ. ಅಷ್ಟೇ ಉಪಾಯ. ಆದರೆ ತಾಮ್ರದಲ್ಲಿ ಕೈ ತಪ್ಪಿದರೆ ಪೆನ್ಸಿಲ್ಲಿನ ಹಾಗೆ ಅಳಿಸಲು ಆಗಲ್ಲ, ಅಲ್ವಾ? ಮೇಲಾಗಿ ಅಚ್ಚಿನಲ್ಲಿ ಎಡ ಬಲ ಅದಲು ಬದಲಾಗುವುದರಿಂದ ಕೆಳಗಿನ ಲ್ಯಾಟಿನ್ ಅಕ್ಷರಗಳನ್ನೆಲ್ಲ ತಿರುಗುಮುರುಗಾಗಿ ಕೆತ್ತಬೇಕು.

ಆ ಸಾಲು ‘ಫಾರ್ಮಾಟುರ್ ಊನಿಕುಸ್ ಊನಾ’. ಅದ್ವಿತೀಯನಾದವನು ಒಂದರಿಂದಲೇ ರೂಪುಗೊಂಡ ಅಂತ ಅರ್ಥ. ಆ ಒಂದು ಎಂದರೆ ಗೆರೆಯೂ ಹೌದು, ತಾಯಿ ಮರಿಯಳೂ ಹೌದು ಎಂದು ಓದುತ್ತಾರೆ. ಭಕ್ತಿಯೂ ಕಸುಬೂ ಹೀಗೆ ಒಂದೇ ಗೆರೆಯಲ್ಲಿ ಸೇರಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಅಂಗೈಯಗಲದ ಚಿತ್ರದಲ್ಲಿ ಇದೆಲ್ಲ ಬರೀ ಬೂದು ಬಣ್ಣವಾಗಿ ಕಾಣುತ್ತದೆ, ನಾನು ಭೂತಗನ್ನಡಿ ಹಿಡಿದರೂ ಸುರುಳಿ ಸಿಗಲಿಲ್ಲ. ದಯವಿಟ್ಟು ಇನ್ನೊಮ್ಮೆ ಮೂಗಿನ ಭಾಗವನ್ನಾದರೂ ದೊಡ್ಡದಾಗಿ ಹಾಕಿ.

– ಒಬ್ಬ ಓದುಗ, ಮೈಸೂರು